ಕೂಸು ಯಾರ ಕಡೆ?

ಹುಬ್ಬಳ್ಳಿಯ ನನ್ನ ಕಚೇರಿಗೆ ಡೈವೋರ್ಸ್ ಕೇಳಿಕೊಂಡು ಬರುವವರು ಗಂಡನ ಬಗ್ಗೆಯೋ ಹೆಂಡತಿಯ ಬಗ್ಗೆಯೋ ಹೇಳುವ ಮೊದಲೇ ಒಂದು ಮಾತು ಕೇಳುತ್ತಾರೆ: ‘ಕೂಸು ನನಗ ಸಿಗತೈತೇನ್ರಿ ಮೇಡಂ?’ ಹೊಲದಲ್ಲಿ ದುಡಿಯುವವರೂ ಕೇಳುತ್ತಾರೆ, ಬ್ಯಾಂಕಿನಲ್ಲಿ ಕೂತು ದುಡಿಯುವವರೂ ಕೇಳುತ್ತಾರೆ. ಕೋರ್ಟು ಮಾತ್ರ ಈ ಮಾತನ್ನು ತಿರುವಿ ನೋಡುತ್ತದೆ. ಯಾರ ಹತ್ತಿರ ಇದ್ದರೆ ಈ ಮಗುವಿಗೆ ಒಳ್ಳೆಯದು ಎಂಬುದೇ ಅಲ್ಲಿನ ವಿಚಾರ. 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯ 13ನೇ ಕಲಮು ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎಂದು ಸ್ಪಷ್ಟವಾಗಿ ಹೇಳಿದೆ. ವಿಚ್ಛೇದನದ ಕಾನೂನು ಧರ್ಮಕ್ಕೊಂದು ಇರಬಹುದು. ಮಗುವಿನ ವಿಷಯಕ್ಕೆ ಬಂದರೆ 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯಡಿ ಯಾವ ಧರ್ಮದವರೂ ಅರ್ಜಿ ಹಾಕಬಹುದು. ಮಗು ಸಾಮಾನ್ಯವಾಗಿ ವಾಸವಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಬೇಕು.

‘ಐದು ವರ್ಷದ ತನಕ ತಾಯಿ ಹತ್ರ, ಆಮ್ಯಾಲೆ ತಂದೀಗೆ’ ಎಂಬ ಮಾತು ನಮ್ಮ ಕಡೆ ಕಟ್ಟೆ ಕಟ್ಟೆಯ ಮೇಲೂ ಕೇಳುತ್ತದೆ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಕಾಯ್ದೆಯ 6ನೇ ಕಲಮಿನಲ್ಲಿ ಇರುವುದು ನಿಜ. ಐದು ತುಂಬಿದ ಮರುದಿನ ತಂದೆ ಬಂದು ಕರೆದುಕೊಂಡು ಹೋಗಬಹುದು ಎಂದು ಮಾತ್ರ ಎಲ್ಲೂ ಬರೆದಿಲ್ಲ. ತಂದೆಯೊಬ್ಬನೇ ಸಹಜ ಪಾಲಕ ಎಂಬ ನಂಬಿಕೆಯೂ ಹಳೆಯದು. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್‌ಗೆ ಅರ್ಜಿ ಹಾಕಿದಾಗ ತಂದೆಯ ಸಹಿ ತನ್ನಿ ಎಂದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. ತಂದೆ ಬದುಕಿದ್ದೂ ಮಗುವಿನ ಉಸಾಬರಿಗೆ ಬಾರದಿದ್ದರೆ ತಾಯಿಯೇ ಸಹಜ ಪಾಲಕಿ ಎಂದು 1999ರಲ್ಲಿ ತೀರ್ಪಾಯಿತು.

‘ನನಗ ಕೆಲಸಿಲ್ಲ, ಅವರಿಗೆ ದೊಡ್ಡ ಪಗಾರ ಐತಿ, ಕೂಸು ಕೊಡ್ತಾರೇನ್ರಿ?’ ಎಂದು ಅಂಜುವ ತಾಯಂದಿರಿಗೆ ನಾನು ಹೇಳುವುದಿಷ್ಟು: ಪಗಾರವೊಂದರ ಮೇಲೆ ಮಗುವಿನ ತೀರ್ಮಾನ ಆಗುವುದಿಲ್ಲ. ದುಡಿಯುವವರು ಜೀವನಾಂಶ ಕೊಡಬೇಕು. ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಆಗಬೇಕು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ.

ಇನ್ನು ಸೋಡಚೀಟಿ. ಹಿರಿಯರು ಕೂತು, ಬಾಂಡ್ ಪೇಪರಿನ ಮೇಲೆ ಬರೆಸಿ, ಇಬ್ಬರ ಸಹಿ ಹಾಕಿಸಿ ‘ಮುಗೀತು’ ಅಂದುಬಿಡುತ್ತಾರೆ. ಅದನ್ನು ನಂಬಿ ಮರುಮದುವೆಯಾದವರ ಕಷ್ಟ ನಾನು ಕಣ್ಣಾರೆ ನೋಡಿದ್ದೇನೆ. ನಿಮ್ಮ ಸಮುದಾಯದಲ್ಲಿ ಅಂಥ ರೂಢಿ ತಲೆತಲಾಂತರದಿಂದ ಇದೆ ಎಂದು ಸಾಬೀತು ಮಾಡಲು ಆಗದಿದ್ದರೆ, ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಆ ಕಾಗದಕ್ಕೆ ಬೆಲೆಯಿಲ್ಲ. ಇಬ್ಬರಿಗೂ ಒಪ್ಪಿಗೆಯಿದ್ದರೆ ಕೋರ್ಟಿನಲ್ಲೇ ಸರಳ ದಾರಿ ಇದೆ: ಒಂದು ವರ್ಷ ಬೇರೆ ಇದ್ದವರು 13ಬಿ ಕಲಮಿನಡಿ ಜಂಟಿ ಅರ್ಜಿ ಹಾಕಬಹುದು. ನಡುವೆ ಆರು ತಿಂಗಳು ಕಾಯಬೇಕೆಂಬ ನಿಯಮವಿದೆ. ಮತ್ತೆ ಕೂಡಿ ಬಾಳುವ ಸಾಧ್ಯತೆಯೇ ಇಲ್ಲ, ಜೀವನಾಂಶ ಮತ್ತು ಮಕ್ಕಳ ವಿಷಯವೆಲ್ಲ ಇತ್ಯರ್ಥವಾಗಿದೆ ಎಂದು ಮನವರಿಕೆಯಾದರೆ ನ್ಯಾಯಾಧೀಶರು ಅದನ್ನು ಬಿಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಬೇಗ ಮುಗಿಯಲಿ ಎಂಬ ಆತುರ ಕೆಡಿಸುವುದು ಇಲ್ಲಿಯೇ. ಜಂಟಿ ಅರ್ಜಿಯಲ್ಲಿ ಒಡವೆಯ ಪಟ್ಟಿ ಗ್ರಾಮಿನ ಲೆಕ್ಕದಲ್ಲಿ ಇರುತ್ತದೆ, ಪಾತ್ರೆ ಪಗಡದ ಲೆಕ್ಕವೂ ಇರುತ್ತದೆ. ಮಗುವಿಗೆ ಮಾತ್ರ ಒಂದೇ ಸಾಲು: ‘ತಂದೆಗೆ ಮಗುವನ್ನು ಭೇಟಿಯಾಗಲು ಅವಕಾಶವಿರತಕ್ಕದ್ದು.’ ಗದಗದ ಕಡೆಯ ಒಬ್ಬ ತಂದೆಗೆ ಇಂಥದೊಂದು ಸಾಲು ಸಿಕ್ಕಿತ್ತು. ಭಾನುವಾರ ಬಸ್ಸು ಹತ್ತಿ ಬರುತ್ತಿದ್ದರು. ಒಂದು ವಾರ ಹುಡುಗನಿಗೆ ಜ್ವರ, ಇನ್ನೊಂದು ವಾರ ನೆಂಟರ ಮದುವೆ, ಮತ್ತೊಂದು ವಾರ ಬಾಗಿಲಿಗೆ ಕೀಲಿ. ತಾಯಿಯೂ ಸುಳ್ಳು ಹೇಳುತ್ತಿರಲಿಲ್ಲ. ಇಂಥ ದಿನವೇ ಬರುತ್ತಾರೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಜಗಳ ಪೊಲೀಸ್ ಠಾಣೆಯ ತನಕ ಹೋದ ಮೇಲೆ ಇಬ್ಬರನ್ನೂ ಮಧ್ಯಸ್ಥಿಕೆಗೆ ಕೂರಿಸಿ ಆ ಒಂದು ಸಾಲನ್ನು ಒಂದೂವರೆ ಪುಟ ಮಾಡಿದೆವು. ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದು. ಹುಡುಗನನ್ನು ಒಪ್ಪಿಸುವುದು ಅಜ್ಜಿಯ ಮನೆಯಲ್ಲಿ. ಜ್ವರ ಬಂದರೆ ಹಿಂದಿನ ರಾತ್ರಿಯೇ ಫೋನು, ಮುಂದಿನ ಭಾನುವಾರ ಬದಲಿ. ದಸರಾ ರಜೆ ಒಬ್ಬರಿಗೆ ಆದರೆ ದೀಪಾವಳಿ ಇನ್ನೊಬ್ಬರಿಗೆ, ಮರುವರ್ಷ ಅದಲು ಬದಲು. ಬೇಸಿಗೆ ರಜೆ ಅರ್ಧರ್ಧ. ಶಾಲೆಯ ಪ್ರಗತಿಪತ್ರ ಇಬ್ಬರಿಗೂ. ಆಪರೇಷನ್ ಎಂದರೆ ಯಾರ ಸಹಿ, ಪಾಸ್‌ಪೋರ್ಟ್ ಯಾರ ಬಳಿ, ಟ್ಯೂಷನ್ ಫೀ ಯಾರದು ಎಂಬುದನ್ನೂ ಬರೆದೆವು. ದೂರ ಇರುವ ತಂದೆಯೋ ತಾಯಿಯೋ ವಿಡಿಯೊ ಕರೆಯಲ್ಲಿ ಮಗುವಿನ ಜೊತೆ ಮಾತಾಡುವ ಹಕ್ಕನ್ನು 2020ರ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಎತ್ತಿ ಹಿಡಿದಿದೆ. ಅದಕ್ಕೂ ಸಂಜೆ ಏಳರ ಹೊತ್ತು ಗೊತ್ತು ಮಾಡಿದೆವು. ಒಪ್ಪಂದದ ಈ ಭಾಗಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ ಎನ್ನುವವಳು ನಾನು.

2013ರಲ್ಲಿ ನಮ್ಮ ಹೈಕೋರ್ಟು ಹನ್ನೆರಡು ವರ್ಷದ ಮಗುವೊಂದನ್ನು ವರ್ಷದ ಮೊದಲ ಆರು ತಿಂಗಳು ತಂದೆಯ ಬಳಿ, ಉಳಿದ ಆರು ತಿಂಗಳು ತಾಯಿಯ ಬಳಿ ಇರಿಸಿ, ಓದಿನ ಖರ್ಚನ್ನು ಇಬ್ಬರೂ ಸಮನಾಗಿ ಹಂಚಿಕೊಳ್ಳಲು ಹೇಳಿತ್ತು. ಇಂಥ ಜಂಟಿ ಪಾಲನೆಗೆ ಕಾನೂನಿನಲ್ಲೇ ಜಾಗ ಕೊಡಬೇಕೆಂದು ಕೇಂದ್ರ ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿತು. ಎರಡು ಮನೆಗಳೂ ಒಂದೇ ಊರಿನಲ್ಲಿದ್ದು, ಶಾಲೆ ಬದಲಾಗದಿದ್ದರೆ ಇದು ಒಳ್ಳೆಯ ದಾರಿ. ಒಬ್ಬರು ಹುಬ್ಬಳ್ಳಿ, ಒಬ್ಬರು ಬೆಂಗಳೂರು ಎಂದಾದರೆ ನಾನು ಈ ಸಲಹೆ ಕೊಡುವುದಿಲ್ಲ.

‘ರೊಕ್ಕಾ ಕೊಟ್ಟರ ಕೂಸು ತೋರಸ್ತೇನಿ’, ‘ಕೂಸು ತೋರಿಸಿದರ ರೊಕ್ಕಾ ಕೊಡ್ತೇನಿ’ ಎಂಬ ಹಟ ಎರಡೂ ಕಡೆ ಇರುತ್ತದೆ. ಎರಡೂ ತಪ್ಪು. ಜೀವನಾಂಶ ಮಗುವಿನ ಊಟದ್ದು, ಭೇಟಿ ಮಗುವಿನ ಪ್ರೀತಿಯದ್ದು. ಒಂದನ್ನು ತಡೆದು ಇನ್ನೊಂದನ್ನು ವಸೂಲು ಮಾಡಲು ಬರುವುದಿಲ್ಲ. ಆದರೆ ಹೊಡೆತ ಬಡಿತ ಇದ್ದ ಮನೆಯ ಮಾತು ಬೇರೆ. ಅಲ್ಲಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಮಗುವನ್ನು ತಾತ್ಕಾಲಿಕವಾಗಿ ತಾಯಿಯ ವಶಕ್ಕೆ ಕೊಡಬಹುದು, ಅಪಾಯವೆನಿಸಿದರೆ ಭೇಟಿಯನ್ನೇ ನಿರಾಕರಿಸಬಹುದು.

ತಿಳಿವಳಿಕೆ ಬಂದ ಮಗುವನ್ನು ನ್ಯಾಯಾಧೀಶರು ಚೇಂಬರಿಗೆ ಕರೆದು, ವಕೀಲರಾಗಲಿ ಹೆತ್ತವರಾಗಲಿ ಇಲ್ಲದಂತೆ ಮಾತಾಡಿಸುತ್ತಾರೆ. ದಯವಿಟ್ಟು ಬಾಯಿಪಾಠ ಮಾಡಿಸಿ ಕಳಿಸಬೇಡಿ. ಏಳು ವರ್ಷದ ಹುಡುಗಿಯೊಬ್ಬಳು ‘ಅಪ್ಪ ಮಧ್ಯಂತರ ಜೀವನಾಂಶ ಕೊಟ್ಟಿಲ್ಲ’ ಎಂದಳಂತೆ. ಇದು ಕಲಿಸಿಕೊಟ್ಟ ಮಾತು ಎಂದು ನ್ಯಾಯಾಧೀಶರು ಆದೇಶದಲ್ಲೇ ದಾಖಲಿಸಿದರು. ಆ ತಾಯಿಯ ಪರವಾಗಿದ್ದ ಎಷ್ಟೋ ನಿಜವಾದ ಅಂಶಗಳು ಅದರಿಂದ ಮಂಕಾದವು.

ಅಮೆರಿಕ, ಬ್ರಿಟನ್‌ಗಳಲ್ಲಿರುವ ನಮ್ಮವರಿಗೂ ಒಂದು ಮಾತು. ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಒಯ್ದ ವ್ಯಾಜ್ಯಗಳಿಗೆಂದು ಇರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಅಲ್ಲಿನ ಕೋರ್ಟಿನ ಆದೇಶವನ್ನು ಇಲ್ಲಿನ ಕೋರ್ಟು ಗೌರವದಿಂದ ನೋಡಿದರೂ ಮಗುವಿನ ಹಿತವನ್ನು ತಾನೇ ತೂಗುತ್ತದೆ. ಮಗುವನ್ನು ಕರೆದುಕೊಂಡು ವಿಮಾನ ಹತ್ತುವ ಮುನ್ನ ಎರಡೂ ದೇಶದ ವಕೀಲರನ್ನು ಕೇಳಿ.

ಮಗುವಿನ ಬಗೆಗಿನ ಯಾವ ಆದೇಶವೂ ಕೊನೆಯದಲ್ಲ. ನಾಲ್ಕು ವರ್ಷದವನಿಗೆ ಬರೆದ ಭೇಟಿಯ ವೇಳೆ ಹತ್ತನೇ ತರಗತಿಗೆ ಹೊಂದುವುದಿಲ್ಲ. ಪರಿಸ್ಥಿತಿ ಬದಲಾದರೆ ಅರ್ಜಿ ಹಾಕಿ ತಿದ್ದಿಸಿಕೊಳ್ಳಬಹುದು. ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋಗುವಾಗ ಮದುವೆಯ ಫೋಟೊ, ಲಗ್ನಪತ್ರಿಕೆ, ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ಫೀ ರಸೀದಿ, ಔಷಧದ ಚೀಟಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮಗುವನ್ನು ಅವತ್ತು ಶಾಲೆಗೇ ಕಳಿಸಿ.