ತರಗತಿಯಲ್ಲಿ ತಂತ್ರಜ್ಞಾನ: ಶಿಕ್ಷಕರ ನಡುವೆ ಅನುಭವ ಹಂಚಿಕೆ

(ಶಿಕ್ಷಕರು, ಪೋಷಕರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಶಾಲೆಗೆ ಸರಬರಾಜಾದ ಗಣಕಯಂತ್ರವು ದಾಸ್ತಾನು ವಹಿಯಲ್ಲಿ ನಮೂದಾಗುತ್ತದೆ. ಆ ಯಂತ್ರದ ನೆರವಿನಿಂದ ಶಿಕ್ಷಕರೊಬ್ಬರು ಕಠಿಣವಾದ ಪಾಠವನ್ನು ಮಕ್ಕಳಿಗೆ ಮನದಟ್ಟು ಮಾಡಿಸಿದ ಬಗೆ ಯಾವ ವಹಿಯಲ್ಲಿಯೂ ನಮೂದಾಗುವುದಿಲ್ಲ. ಶಿಕ್ಷಕರು ವರ್ಗಾವಣೆಗೊಂಡಾಗ ಯಂತ್ರವು ಶಾಲೆಯಲ್ಲಿಯೇ ಉಳಿಯುತ್ತದೆ. ಪಾಠದ ಬಗೆ ಅವರೊಡನೆ ಹೊರಟುಹೋಗುತ್ತದೆ. ಈ ನಷ್ಟವನ್ನು ತಪ್ಪಿಸಲು ಜಿಲ್ಲೆಯ ಶಿಕ್ಷಕರು ತಮ್ಮ ಅನುಭವಗಳನ್ನು ಪರಸ್ಪರ ಹಂಚಿಕೊಳ್ಳುವುದು ಅಗತ್ಯ.

ಹಿನ್ನೆಲೆ

2001ರಲ್ಲಿ ಆರಂಭವಾದ ಮಾಹಿತಿ ಸಿಂಧು ಯೋಜನೆಯು ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರ ಶಿಕ್ಷಣವನ್ನು ತಂದಿತು. 2004ರ ಸೆಪ್ಟೆಂಬರ್ 20ರಂದು ಉಡಾವಣೆಗೊಂಡ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಪ್ರಸಾರವಾದವು. ಉಪಗ್ರಹ ಪಾಠಗಳು ಬೇರೆಡೆ ಸಿದ್ಧಗೊಂಡು ಶಾಲೆಗೆ ಬರುತ್ತಿದ್ದವು. 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮದಲ್ಲಿ ಪ್ರೌಢಶಾಲಾ ಶಿಕ್ಷಕರು ತಾವೇ ಸಂಪನ್ಮೂಲಗಳನ್ನು ರಚಿಸಿ ಪರಸ್ಪರ ಹಂಚಿಕೊಂಡರು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಸಂಗ್ರಹವು ಇದರ ಮುಂದುವರಿಕೆಯಾಗಿದೆ.

ಅನುಭವ ಟಿಪ್ಪಣಿಯಲ್ಲಿ ಇರಬೇಕಾದ ಅಂಶಗಳು

"ಗಣಕಯಂತ್ರ ಬಳಸಿ ಪಾಠ ಮಾಡಲಾಯಿತು, ಮಕ್ಕಳು ಸಂತೋಷಪಟ್ಟರು" ಎಂಬ ವರದಿಯಿಂದ ಮತ್ತೊಬ್ಬ ಶಿಕ್ಷಕರಿಗೆ ಪ್ರಯೋಜನವಾಗದು. ಒಂದು ಪುಟದ ಟಿಪ್ಪಣಿಯಲ್ಲಿ ಕೆಳಕಂಡ ವಿವರಗಳಿದ್ದರೆ ಸಾಕು.

1. ತರಗತಿ, ವಿಷಯ, ಪಾಠದ ಹೆಸರು ಮತ್ತು ಮಕ್ಕಳ ಸಂಖ್ಯೆ.
2. ಬಳಸಿದ ಉಪಕರಣ ಹಾಗೂ ತಂತ್ರಾಂಶ. ಅಂತರ್ಜಾಲ ಸಂಪರ್ಕ ಬೇಕೇ, ಬೇಡವೇ.
3. ತೆಗೆದುಕೊಂಡ ಸಮಯ.
4. ಎದುರಾದ ತೊಡಕು ಮತ್ತು ಅದಕ್ಕೆ ಕಂಡುಕೊಂಡ ಪರಿಹಾರ.
5. ವಿದ್ಯುತ್ ಇಲ್ಲದಿದ್ದಲ್ಲಿ ಅನುಸರಿಸಬಹುದಾದ ಬದಲಿ ಕ್ರಮ.

ಇವುಗಳಲ್ಲಿ ನಾಲ್ಕನೆಯ ಅಂಶವೇ ಹೆಚ್ಚು ಬೆಲೆಯುಳ್ಳದ್ದು. ಉದಾಹರಣೆಗೆ, ತ್ರಿಭುಜದ ಒಳಕೋನಗಳ ಮೊತ್ತ 180 ಡಿಗ್ರಿ ಎಂಬುದನ್ನು ಜಿಯೋಜೀಬ್ರಾ ತಂತ್ರಾಂಶದಲ್ಲಿ ಸುಲಭವಾಗಿ ತೋರಿಸಬಹುದು. ಶೃಂಗವನ್ನು ಎಳೆದಂತೆ ಕೋನಗಳು ಬದಲಾಗುತ್ತವೆ, ಮೊತ್ತ ಬದಲಾಗದು. ಆದರೆ ಕೋನಗಳನ್ನು ದಶಮಾಂಶವಿಲ್ಲದೆ ತೋರಿಸುವಂತೆ ಹೊಂದಿಸಿದ್ದರೆ, ಪರದೆಯ ಮೇಲಿನ ಮೂರು ಸಂಖ್ಯೆಗಳನ್ನು ಕೂಡಿದ ಮಗುವಿಗೆ ಕೆಲವೊಮ್ಮೆ 179 ಅಥವಾ 181 ದೊರೆಯುತ್ತದೆ. ಸಂಖ್ಯೆಗಳನ್ನು ಸಮೀಪದ ಪೂರ್ಣಾಂಕಕ್ಕೆ ತಂದಿರುವುದೇ ಇದಕ್ಕೆ ಕಾರಣ. ಈ ಒಂದು ಸಾಲನ್ನು ಮೊದಲೇ ಓದಿರುವ ಶಿಕ್ಷಕರು ತರಗತಿಯಲ್ಲಿ ಗಲಿಬಿಲಿಗೊಳ್ಳುವುದಿಲ್ಲ. ಅದನ್ನೇ ಅಂದಾಜು ಮೌಲ್ಯದ ಪಾಠವನ್ನಾಗಿಯೂ ಮಾಡಿಕೊಳ್ಳಬಹುದು.

ಕಡತ ಸಿದ್ಧಪಡಿಸುವಾಗ ಗಮನಿಸಬೇಕಾದುದು

ಕನ್ನಡ ಪಠ್ಯವನ್ನು ಯೂನಿಕೋಡ್ ಶಿಷ್ಟತೆಯಲ್ಲಿಯೇ ಬೆರಳಚ್ಚು ಮಾಡುವುದು ಸೂಕ್ತ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಕಡತವು ಅದೇ ಅಕ್ಷರವಿನ್ಯಾಸವಿಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಮುದ್ರಣ ಪ್ರತಿಯ ಜೊತೆಗೆ, ತಿದ್ದಲು ಬರುವ ಮೂಲ ಕಡತವನ್ನೂ ನೀಡಬೇಕು. ಪಡೆದವರು ತಮ್ಮ ಮಕ್ಕಳಿಗೆ ತಕ್ಕಂತೆ ಮಾರ್ಪಡಿಸಿಕೊಳ್ಳಲು ಇದರಿಂದ ಸಾಧ್ಯವಾಗುತ್ತದೆ. ಖಾಸಗಿ ಪ್ರಕಾಶಕರ ಮಾರ್ಗದರ್ಶಿಗಳ ಪುಟಗಳನ್ನು ಅನುಮತಿಯಿಲ್ಲದೆ ಸೇರಿಸಬಾರದು. ಮೂಲ ರಚನೆ ಮಾಡಿದ ಶಿಕ್ಷಕರ ಹೆಸರನ್ನು ಉಳಿಸಿಕೊಳ್ಳಬೇಕು. ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳ ಹೆಸರು, ಭಾವಚಿತ್ರ ಅಥವಾ ಅಂಕಗಳನ್ನು ಹಂಚಬಾರದು.

ಹಂಚಿಕೆಯ ದಾರಿ

ಸಮೂಹ ಸಂಪನ್ಮೂಲ ಕೇಂದ್ರದ ಸಮಾಲೋಚನಾ ಸಭೆಯು ಇದಕ್ಕೆ ಅತ್ಯಂತ ಸಮೀಪದ ಸ್ಥಳ. ಅಲ್ಲಿ ಪಾಠವನ್ನು ಮಾಡಿ ತೋರಿಸಿ, ಕಡತವನ್ನು ಪೆನ್‌ಡ್ರೈವ್‌ನಲ್ಲಿ ನೀಡಿದರೆ ಅಂತರ್ಜಾಲ ದುರ್ಬಲವಾಗಿರುವ ಶಾಲೆಗಳಿಗೂ ಅದು ತಲುಪುತ್ತದೆ. ಉಪಯುಕ್ತವೆಂದು ಕಂಡವುಗಳನ್ನು ಕ್ಷೇತ್ರ ಸಂಪನ್ಮೂಲ ಕೇಂದ್ರ ಹಾಗೂ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ ಗಮನಕ್ಕೆ ತರಬಹುದು. ಏಕೋಪಾಧ್ಯಾಯ ಶಾಲೆಯ ಶಿಕ್ಷಕರಿಗೆ ಶಾಲೆಯಲ್ಲಿ ಸಮಾಲೋಚಿಸಲು ಸಹೋದ್ಯೋಗಿಗಳಿರುವುದಿಲ್ಲವಾದ್ದರಿಂದ ಈ ಸಭೆಗಳ ಪ್ರಯೋಜನ ಅವರಿಗೇ ಹೆಚ್ಚು.

ಪೋಷಕರ ಪಾತ್ರ

ಶಾಲೆಯಲ್ಲಿ ಎಷ್ಟು ಗಣಕಯಂತ್ರಗಳಿವೆ ಎಂದು ವಿಚಾರಿಸುವುದರ ಜೊತೆಗೆ, ಅವುಗಳಿಂದ ಯಾವ ಪಾಠಗಳು ನಡೆದಿವೆ ಎಂಬುದನ್ನೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಪೋಷಕರು ಕೇಳಬಹುದು. ಟಿಪ್ಪಣಿಗಳ ಒಂದು ಕಡತವನ್ನು ಶಾಲೆಯಲ್ಲಿಯೇ ಇರಿಸಿದಲ್ಲಿ, ಹೊಸದಾಗಿ ಬರುವ ಶಿಕ್ಷಕರು ಹಿಂದಿನವರು ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸಲು ಅನುಕೂಲವಾಗುತ್ತದೆ.

ಹೆಚ್ಚಿನ ವಿವರಗಳಿಗೆ ಸಂಬಂಧಪಟ್ಟ ಕ್ಷೇತ್ರ ಸಂಪನ್ಮೂಲ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.