ಒಂದೇ ಕ್ಲಾಸ್, ಎರಡು ಗುರುತು

ಪ್ರಶ್ನೆ: ಇಯರ್ ಫೈಲ್ ಡಿಪ್ಲಾಯ್ ಮಾಡಿದರೆ, ಒಂದು ಕ್ಲಾಸನ್ನು ಅದೇ ಕ್ಲಾಸಿಗೆ ಕಾಸ್ಟ್ ಮಾಡಲಾಗದು ಎಂಬ ಎರರ್ ಬರುತ್ತದೆ. ಇದು ಹೇಗೆ ಸಾಧ್ಯ?
– ಓದುಗರು, ಗಂಗಾವತಿ

ಉತ್ತರ: ಜಾವಾ ವರ್ಚುವಲ್ ಮಷೀನ್ ಕ್ಲಾಸನ್ನು ಬರೀ ಹೆಸರಿನಿಂದ ಗುರುತಿಸುವುದಿಲ್ಲ, ಲೋಡ್ ಮಾಡಿದ ಕ್ಲಾಸ್‌ಲೋಡರ್ ಯಾವುದು ಎಂದೂ ನೋಡುತ್ತದೆ. ಕುಷ್ಟಗಿ ತಾಲ್ಲೂಕಿನಲ್ಲೂ ಯಲಬುರ್ಗಾ ತಾಲ್ಲೂಕಿನಲ್ಲೂ ಒಂದೇ ಹೆಸರಿನ ಊರಿದ್ದರೆ ಪಹಣಿಯಲ್ಲಿ ಅವು ಬೇರೆ ಬೇರೆ ತಾನೆ?

ನಿಮ್ಮ ಜಾರ್ ಬಹುಶಃ ಎರಡು ಕಡೆ ಕೂತಿದೆ: ಇಯರ್‌ನಲ್ಲೊಂದು, ವಾರ್‌ನ ವೆಬ್-ಇನ್ಫ್/ಲಿಬ್‌ನಲ್ಲಿ ಇನ್ನೊಂದು. ವಾರ್‌ಗೆ ಸಾಮಾನ್ಯವಾಗಿ ತನ್ನದೇ ಲೋಡರ್ ಇರುತ್ತದೆ; ಅದು ತನ್ನ ಪ್ರತಿಯನ್ನೇ ಮೊದಲು ಎತ್ತಿಕೊಂಡರೆ ಇಜೆಬಿ ಕೊಟ್ಟ ಆಬ್ಜೆಕ್ಟ್ ಪರಕೀಯವಾಗುತ್ತದೆ. ಎರಡೂ ಕಡೆ ಗೆಟ್‌ಕ್ಲಾಸ್‌ಲೋಡರ್ ಕರೆದು ಪ್ರಿಂಟ್ ಮಾಡಿ, ಗುಟ್ಟು ರಟ್ಟಾಗುತ್ತದೆ.

ಹಂಚಿಕೊಳ್ಳುವ ಜಾರ್ ಇಯರ್‌ನ ಲಿಬ್ ಫೋಲ್ಡರಿನಲ್ಲಿ ಮಾತ್ರ ಇರಲಿ. 2006ರ ಜಾವಾ ಇಇ 5 ಈ ಅನುಕೂಲ ಕೊಟ್ಟಿತು. ಅದಕ್ಕೂ ಮುಂಚೆ ಮ್ಯಾನಿಫೆಸ್ಟ್‌ನಲ್ಲಿ ಕ್ಲಾಸ್-ಪಾತ್ ಬರೆದು ಒದ್ದಾಡಬೇಕಿತ್ತು. ಮೇವನ್ ಬಳಸುವುದಾದರೆ ವಾರ್‌ನಲ್ಲಿ ಆ ಡಿಪೆಂಡೆನ್ಸಿಗೆ ‘ಪ್ರೊವೈಡೆಡ್’ ಸ್ಕೋಪ್ ಕೊಡಿ. ಪ್ರತಿ ತೆಗೆಯದೆ ಸರ್ವರಿನ ಲೋಡಿಂಗ್ ಕ್ರಮ ಮಾತ್ರ ಬದಲಿಸುವುದು ನನಗೆ ಸರಿಕಾಣದು. ರೋಗ ಒಳಗೇ ಉಳಿಯುತ್ತದೆ.

ಒಂದೇ ಪ್ರತಿ ಇದ್ದೂ ಎರರ್ ಬಂದರೆ, ಸರ್ವರಿನ ಕ್ಯಾಶ್‌ನಲ್ಲಿ ಹಿಂದಿನ ಡಿಪ್ಲಾಯ್‌ನ ಆಬ್ಜೆಕ್ಟ್ ಉಳಿದಿದೆಯೇ ನೋಡಿ.