ಒಂದೇ ಚೀಟಿಗೆ 224 ಸಲ ಮಾಲು

ಬಸವಾಪಟ್ಟಣದ ಅಡಿಕೆ ಬೆಳೆಗಾರರಿಗೆ ಬ್ಲಾಕ್‌ಚೈನ್ ಸೇತುವೆ ಅಂದರೇನು ಎಂದು ತಿಳಿಸಲು ಹೆಚ್ಚು ಹೊತ್ತು ಬೇಕಿಲ್ಲ. ರಾಶಿ ಇಡಿ ಮೂಟೆಗಳನ್ನು ಚನ್ನಗಿರಿಯ ಮಂಡಿಯಲ್ಲಿ ಇಳಿಸಿ ಚೀಟಿ ಪಡೆದರೆ, ದರ ಏರುವವರೆಗೆ ಮಾಲು ಗೋದಾಮಿನಲ್ಲಿ, ಚೀಟಿ ಜೇಬಿನಲ್ಲಿ. ಚೀಟಿ ತೋರಿಸಿದರೆ ಮಾಲು ನಿಮ್ಮದು. ಇಥೀರಿಯಂ ಎಂಬ ಬ್ಲಾಕ್‌ಚೈನಿನಿಂದ ಪಾಲಿಗಾನ್ ಎಂಬ ಇನ್ನೊಂದಕ್ಕೆ ಹಣ ಸಾಗುವುದೂ ಹೀಗೆಯೇ. ಅಸಲು ಟೋಕನ್ ಇಥೀರಿಯಂನ ಒಂದು ಕಾಂಟ್ರ್ಯಾಕ್ಟಿನಲ್ಲಿ, ಅಂದರೆ ತಾನಾಗಿ ಓಡುವ ಕೋಡಿನಲ್ಲಿ, ಬೀಗದೊಳಗಿರುತ್ತದೆ. ಆಚೆ ದಡದಲ್ಲಿ ಅಷ್ಟೇ ಲೆಕ್ಕದ ಟೋಕನ್ ಓಡಾಡುತ್ತದೆ. ವಾಪಸು ತರಬೇಕಾದರೆ ಆಚೆಯದನ್ನು ಸುಟ್ಟು, ಸುಟ್ಟಿದ್ದಕ್ಕೆ ಈಚೆ ಪುರಾವೆ ಒಪ್ಪಿಸಬೇಕು.

ಈ ಪಾಲಿಗಾನ್ ನಮ್ಮ ದೇಶದ್ದೇ ಕೂಸು. 2017ರಲ್ಲಿ ಜಯಂತಿ ಕಾನಾನಿ, ಸಂದೀಪ್ ನೈಲ್ವಾಲ್, ಅನುರಾಗ್ ಅರ್ಜುನ್ ಇದನ್ನು ‘ಮ್ಯಾಟಿಕ್’ ಎಂಬ ಹೆಸರಿನಲ್ಲಿ ಶುರು ಮಾಡಿದರು. ಇಥೀರಿಯಂನಲ್ಲಿ ಜನಜಂಗುಳಿ ಹೆಚ್ಚಿ ಶುಲ್ಕ ಏರುತ್ತಿದ್ದ ಕಾಲ. ಅದೇ ವರ್ಷ ಜೋಸೆಫ್ ಪೂನ್ ಮತ್ತು ವಿಟಾಲಿಕ್ ಬುಟೆರಿನ್ ಈ ಹೊರೆ ತಗ್ಗಿಸುವ ‘ಪ್ಲಾಸ್ಮಾ’ ಎಂಬ ವಿನ್ಯಾಸವನ್ನು ಮುಂದಿಟ್ಟಿದ್ದರು. ಮ್ಯಾಟಿಕ್‌ನವರ ಒಂದು ಸೇತುವೆ ಎದ್ದಿದ್ದು ಅದರ ಮೇಲೆ. 2021ರ ಫೆಬ್ರವರಿಯಲ್ಲಿ ಕಂಪನಿ ಪಾಲಿಗಾನ್ ಆಯಿತು, ಟೋಕನ್ನಿನ ಹೆಸರು ಮಾತ್ರ ಮ್ಯಾಟಿಕ್ ಎಂದೇ ಉಳಿಯಿತು.

2021ರ ಅಕ್ಟೋಬರ್ 5ರಂದು ಗೆರ್ಹಾರ್ಡ್ ವಾಗ್ನರ್ ಎಂಬ ಸಂಶೋಧಕ, ದೋಷ ಹುಡುಕಿದವರಿಗೆ ಬಹುಮಾನ ಕೊಡಿಸುವ ಇಮ್ಯುನೆಫೈ ವೇದಿಕೆಯ ಮೂಲಕ ಒಂದು ವರದಿ ಕಳಿಸಿದ. ಪ್ಲಾಸ್ಮಾ ಸೇತುವೆಯಲ್ಲಿ ಒಂದೇ ಚೀಟಿ ತೋರಿಸಿ ಹಲವು ಸಲ ಮಾಲು ಎತ್ತಬಹುದು ಎನ್ನುವುದು ಅದರ ಸಾರ.

ಅದು ಹೇಗೆ? ಪುರಾವೆಯಲ್ಲಿ, ಸುಟ್ಟ ವ್ಯವಹಾರದ ರಸೀದಿ ಲೆಕ್ಕದ ಮರದಲ್ಲಿ ಎಲ್ಲಿದೆ ಎಂದು ತೋರಿಸುವ ದಾರಿಯೊಂದು ಇರುತ್ತದೆ. ದಾರಿಯ ಪ್ರತಿ ಹೆಜ್ಜೆ ಅರ್ಧ ಬೈಟ್. ಒಟ್ಟು ಹೆಜ್ಜೆ ಬೆಸವೋ ಸಮವೋ ಎಂದು ಹೇಳುವುದು ಮೊದಲ ಬೈಟಿನ ಕೆಲಸ. ಅದರ ಮೊದಲರ್ಧ 1 ಅಥವಾ 3 ಆಗಿದ್ದರೆ ಬೆಸ. ಸಮವಾದರೆ ಆ ಬೈಟ್ ಪೂರ್ತಿ ಸೊನ್ನೆ ಇರಬೇಕು. ಸೇತುವೆಯ ಕೋಡ್ ಬೆಸವನ್ನಷ್ಟೇ ನೋಡಿ, ಉಳಿದಿದ್ದೆಲ್ಲ ಸಮ ಎಂದುಕೊಂಡು ಆ ಬೈಟನ್ನು ಕಣ್ಣೆತ್ತಿಯೂ ನೋಡದೆ ಬದಿಗೆ ತಳ್ಳುತ್ತಿತ್ತು. 1 ಮತ್ತು 3 ಬಿಟ್ಟರೆ ಮೊದಲರ್ಧಕ್ಕೆ 14 ಬೆಲೆ, ಎರಡನೆಯರ್ಧಕ್ಕೆ 16: ಒಟ್ಟು 224 ಬರಹ, ಎಲ್ಲವೂ ಒಂದೇ ದಾರಿ. ಆದರೆ ‘ಈ ಚೀಟಿಗೆ ಮಾಲು ಕೊಟ್ಟಾಯಿತು’ ಎಂದು ಗುರುತು ಹಾಕುವ ಪುಸ್ತಕ, ತಳ್ಳಿಹಾಕಿದ ಬೈಟನ್ನೂ ಸೇರಿಸಿ ಚೀಟಿಯ ಸಂಖ್ಯೆ ಕಟ್ಟುತ್ತಿತ್ತು. ಗುಮಾಸ್ತ ಓದದ ಮೂಲೆಯಲ್ಲಿ ಒಂದು ಗೀಟು ಬದಲಿಸಿದರೆ ಸಾಕು, ಲೆಕ್ಕದ ಪುಸ್ತಕಕ್ಕೆ ಅದು ಹೊಸ ಚೀಟಿ. ಒಮ್ಮೆ ನ್ಯಾಯವಾಗಿ, ಮತ್ತೆ 223 ಸಲ ಕಳ್ಳತನದಿಂದ. ಒಂದು ಲಕ್ಷ ಡಾಲರ್ ಇಟ್ಟವನು ಹೀಗೆ 2.23 ಕೋಟಿ ಡಾಲರ್ ಕದಿಯಬಹುದಿತ್ತು. ಅಪಾಯದಲ್ಲಿದ್ದಿದ್ದು ಸುಮಾರು 85 ಕೋಟಿ ಡಾಲರ್.

ಸರಿಪಡಿಸಿದ್ದು ಸಣ್ಣದು: ಆ ಮೊದಲ ಬೈಟ್ ಸೊನ್ನೆಯೇ ಎಂದು ನೋಡು, ಇಲ್ಲದಿದ್ದರೆ ತಿರಸ್ಕರಿಸು. ಹಣ ಯಾರದೂ ಹೋಗಲಿಲ್ಲ. ವಾಗ್ನರ್‌ಗೆ 20 ಲಕ್ಷ ಡಾಲರ್ ಬಹುಮಾನ ಬಂತು. ದುಬಾರಿ ಎನ್ನುವವರಿದ್ದಾರೆ, ನನ್ನ ಲೆಕ್ಕದಲ್ಲಿ ಬಲು ಅಗ್ಗ.

ಅದೇ ಸೇತುವೆಗೆ ಸುಮಾರು ಮೂರು ವರ್ಷದ ಮೇಲೆ ಮತ್ತೊಂದು ಕೈ ಹಾಕಬೇಕಾಯಿತು. 2024ರ ಸೆಪ್ಟೆಂಬರ್ 4ರಂದು ಮ್ಯಾಟಿಕ್ ಹೋಗಿ ಒಂದಕ್ಕೊಂದು ಲೆಕ್ಕದಲ್ಲಿ ‘ಪಿಒಎಲ್’ ಬಂತು. ಪಾಲಿಗಾನ್ ದಡದಲ್ಲಿ ಹೆಚ್ಚೇನೂ ಕಲಕಲಿಲ್ಲ. ಟೋಕನ್ನಿನ ವಿಳಾಸ ಮೊದಲಿನಂತೆ 1010ರಲ್ಲೇ ಮುಗಿಯುತ್ತದೆ. ಬದಲಾಗಿದ್ದು ಈಚೆ, ಇಥೀರಿಯಂ ದಡದಲ್ಲಿ. ಗೋದಾಮಿನೊಳಗಿನ ಮ್ಯಾಟಿಕ್ ಪಿಒಎಲ್ ಆಯಿತು. ಹಳೆ ಚೀಟಿ ಹಿಡಿದು ಬಂದವರಿಗೂ ಸಿಗುವುದು ಹೊಸ ಮೂಟೆ.

ಮನುಷ್ಯರಾದರೆ ಮೂಟೆ ಬಿಚ್ಚಿ ನೋಡಿ ಒಪ್ಪಿಕೊಳ್ಳುತ್ತಾರೆ. ಬ್ಲಾಕ್‌ಚೈನ್ ಮೇಲೆ ಓಡುವ ಅಪ್ಲಿಕೇಶನ್‌ಗಳ, ಅಂದರೆ ಡ್ಯಾಪ್‌ಗಳ, ಕಾಂಟ್ರ್ಯಾಕ್ಟು ಹಾಗಲ್ಲ. ಸೇತುವೆಯಿಂದ ಹಣ ಪಡೆದು ಹತ್ತಾರು ಜನರಿಗೆ ಹಂಚುವ ಒಂದು ಕಾಂಟ್ರ್ಯಾಕ್ಟ್ ಇದೆ ಅಂದುಕೊಳ್ಳಿ. ಹಣ ಬರುವ ಮುಂಚೆ ತನ್ನ ಮ್ಯಾಟಿಕ್ ಎಷ್ಟು, ಬಂದ ಮೇಲೆ ಎಷ್ಟು ಎಂದು ನೋಡಿ, ವ್ಯತ್ಯಾಸವನ್ನು ಹಂಚುತ್ತದೆ. ಈಗ ವ್ಯತ್ಯಾಸ ಸೊನ್ನೆ. ಬಂದ ಪಿಒಎಲ್ ಅದರ ಹೊಟ್ಟೆಯಲ್ಲೇ ಇದೆ, ಆದರೆ ಅದನ್ನು ಹೊರಗೆ ಕಳಿಸುವ ಸಾಲು ಕೋಡಿನಲ್ಲಿ ಇಲ್ಲ. ಆ ಕಾಂಟ್ರ್ಯಾಕ್ಟ್ ತಿದ್ದಲು ಬರುವಂಥದ್ದಾಗಿದ್ದರೆ ಬಚಾವ್. ಒಮ್ಮೆ ಬರೆದ ಮೇಲೆ ಯಾರೂ ಮುಟ್ಟದ ಹಾಗೆ ಕಟ್ಟಿದ್ದರೆ, ಹಣ ಕಣ್ಣಿಗೆ ಕಾಣುತ್ತದೆ, ಕೈಗೆ ಬರುವುದಿಲ್ಲ. ತಿದ್ದಲಾಗದ್ದು ಎನ್ನುವುದನ್ನೇ ಬ್ಲಾಕ್‌ಚೈನಿನವರು ಹೆಮ್ಮೆಯಿಂದ ಹೇಳಿಕೊಳ್ಳುವುದು, ಇರಲಿ.

ಹಾಗಾಗಿ ಸೇತುವೆಯ ಅಪ್‌ಗ್ರೇಡ್ ಎಂಬುದು ಸೇತುವೆಯ ಹತ್ತಿರ ಮುಗಿಯುವ ಕೆಲಸವಲ್ಲ. ಹಳೆಯ ವಿಳಾಸವನ್ನು ಯಾರ‍್ಯಾರು ಎಲ್ಲೆಲ್ಲಿ ಬರೆದುಕೊಂಡಿದ್ದಾರೋ ಅಲ್ಲೆಲ್ಲ ಅದು ನಡೆಯಬೇಕು. ಅಷ್ಟನ್ನೂ ಪಟ್ಟಿ ಮಾಡಿಕೊಟ್ಟು ತಿದ್ದಿಸುವ ಅಧಿಕಾರಿ ವಿಕೇಂದ್ರೀಕೃತ ಲೋಕದಲ್ಲಿ ಯಾರೂ ಇಲ್ಲ. ಅದಕ್ಕೇ ಪಾಲಿಗಾನ್‌ನವರು ಡೆವಲಪರ್‌ಗಳಿಗೆ ಮುಂಚಿತವಾಗಿ ಎಚ್ಚರಿಕೆ ಕೊಟ್ಟು, ಬದಲಾವಣೆಯನ್ನು ‘ಅಮೋಯ್’ ಎಂಬ ಪರೀಕ್ಷಾ ಜಾಲದಲ್ಲಿ ಮೊದಲು ಓಡಿಸಿದ್ದು.

ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಾಂಟ್ರ್ಯಾಕ್ಟ್ ಬರೆಯುವ ಸಾಲಿಡಿಟಿ ಭಾಷೆ ಕಲಿಯುತ್ತಿರುವ ಹುಡುಗ ಹುಡುಗಿಯರು ಇದನ್ನು ಓದುತ್ತಿದ್ದರೆ ಒಂದು ಮಾತು: ಟೋಕನ್ನಿನ ವಿಳಾಸವನ್ನು ಕೋಡಿನ ನಡುವೆ ಕೆತ್ತಿಡಬೇಡಿ. ಬದಲಿಸಲು ಬರುವ ಒಂದು ಕಡೆ ಇಡಿ, ತಪ್ಪಿ ಬಂದ ಟೋಕನ್ ಹೊರತೆಗೆಯಲು ಒಂದು ಬಾಗಿಲು ಬಿಡಿ, ಆ ಬಾಗಿಲಿನ ಕೀಲಿಯನ್ನು ಒಬ್ಬರ ಕೈಗೇ ಕೊಡಬೇಡಿ. ವಾಗ್ನರ್ ಓದಿದ ಕೋಡ್ ಎಲ್ಲರಿಗೂ ತೆರೆದಿತ್ತು; ನೀವೂ ಹಾಗೆಯೇ ಕೂತು ಓದಬಹುದು.